ಮಕ್ಕಳ ಸೂಪರ್‌ಹೀರೋ ಹುಟ್ಟುಹಬ್ಬ: ತಪ್ಪು ಕಲ್ಪನೆ ಮತ್ತು ವಾಸ್ತವ

ರಾಮನಗರ ಸೀಮೆಯ ನಮ್ಮ ಮರಳವಾಡಿಯಲ್ಲಿ ಈಗ ಮಕ್ಕಳ ಹುಟ್ಟುಹಬ್ಬಕ್ಕೂ ಶಾಮಿಯಾನ ಏಳುತ್ತದೆ. ಗೋಡೆ ಮೇಲೆ ಜೇಡನ ಬಲೆ, ಕೇಕಿನ ಮೇಲೆ ಬಾವಲಿಯ ಗುರುತು, ಹೆಗಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಓಡಾಡುವ ಪುಟ್ಟ ಹುಡುಗ. ಕನಕಪುರ, ಚನ್ನಪಟ್ಟಣ, ಮಾಗಡಿಗಳಲ್ಲೂ ಇದೇ ನೋಟ. ಇದರಲ್ಲಿ ತಪ್ಪೇನಿಲ್ಲ. ಇಷ್ಟದ ಕಥೆಯೊಳಗೆ ಒಂದು ಸಂಜೆ ಇರಬೇಕೆಂದು ಮಗು ಆಸೆಪಟ್ಟರೆ ಅದನ್ನು ನಡೆಸಿಕೊಡುವುದು ಒಳ್ಳೆಯ ಕೆಲಸವೇ. ಆದರೆ ಆ ಸಂಜೆಯ ಸುತ್ತ ಬಗೆಬಗೆಯ ಮಾತು ಬೆಳೆದುಕೊಂಡಿವೆ. ಕೆಲವು ಹಿರಿಯರಿಂದ ಬಂದವು, ಕೆಲವು ಮೊಬೈಲಿನಿಂದ, ಕೆಲವು ಅಂಗಡಿಯಿಂದ. ನಾವೂ ಅವುಗಳಲ್ಲಿ ಹಲವನ್ನು ನಂಬಿದ್ದವರೇ. ಒಂದೊಂದನ್ನೇ ಬಿಡಿಸಿ ನೋಡಿದರೆ ಬಹುಪಾಲಿನ ಬೇರು ಒಂದೇ ಕಡೆ ಇದೆ: ಹಬ್ಬವನ್ನು ಮಗುವಿಗಾಗಿ ಎಂದು ಶುರು ಮಾಡುತ್ತೇವೆ, ನೋಡುವವರಿಗಾಗಿ ಮಾಡಿ ಮುಗಿಸುತ್ತೇವೆ.

ತಪ್ಪು ಕಲ್ಪನೆ 1: ಸೂಪರ್‌ಹೀರೋ ಎಂಬುದು ಹೊರದೇಶದ ಸರಕು. ಮಕ್ಕಳು ಅದರ ಹಿಂದೆ ಬಿದ್ದರೆ ನಮ್ಮ ಕಥೆಗಳನ್ನು ಮರೆಯುತ್ತಾರೆ.

ವಾಸ್ತವ: ಹೆಸರುಗಳು ಹೊರಗಿನವು ಎಂಬುದು ನಿಜ. ಸೂಪರ್‌ಮ್ಯಾನ್ 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ ಅಮೆರಿಕದ ಕಾಮಿಕ್ಸ್ ಪುಸ್ತಕಗಳಲ್ಲಿ ಹುಟ್ಟಿದರು. ಆದರೆ ತನ್ನ ಬಲವನ್ನು ಇನ್ನೊಬ್ಬರ ಕಷ್ಟಕ್ಕೆ ಬಳಸುವವನ ಕಥೆ ನಮಗೆ ಹೊಸದಲ್ಲ. ಸಂಜೀವಿನಿಗಾಗಿ ಬೆಟ್ಟವನ್ನೇ ಹೊತ್ತು ಹಾರಿದ ಹನುಮ, ಏಕಚಕ್ರದ ಜನರನ್ನು ಉಳಿಸಲು ಬಂಡಿ ಅನ್ನದೊಂದಿಗೆ ಬಕಾಸುರನ ಬಳಿಗೆ ಹೋದ ಭೀಮ ನಮ್ಮ ಮನೆಯ ಕಥೆಗಳು. ಗ್ರಾಮದೇವತೆಯ ಮುಂದೆ ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತ ನಮ್ಮ ಸೀಮೆಯದೇ. ಇಂದಿನ ಅಪ್ಪ ಅಮ್ಮಂದಿರಲ್ಲಿ ಅನೇಕರು ಬಾಲಮಂಗಳ ಪತ್ರಿಕೆಯ ಡಿಂಗನನ್ನು ಓದುತ್ತ, 1997ರಲ್ಲಿ ದೂರದರ್ಶನಕ್ಕೆ ಬಂದ ಶಕ್ತಿಮಾನ್‌ನನ್ನು ನೋಡುತ್ತ ಬೆಳೆದವರು. ಅವರು ಹನುಮನನ್ನು ಮರೆಯಲಿಲ್ಲ. ಮಕ್ಕಳು ಕಥೆ ಮರೆಯುವುದು ಬೇರೆ ಕಥೆ ಕೇಳಿದ್ದರಿಂದಲ್ಲ, ನಾವು ಹೇಳುವುದನ್ನು ನಿಲ್ಲಿಸಿದ್ದರಿಂದ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹತ್ತಿರ, ಬೆಂಗಳೂರು–ಮೈಸೂರು ರಸ್ತೆಯಲ್ಲೇ ಇದೆ. ಹುಟ್ಟುಹಬ್ಬಕ್ಕೆ ಮೊದಲೊಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಮುಖವಾಡಗಳನ್ನೂ ತೊಗಲುಗೊಂಬೆಗಳನ್ನೂ ತೋರಿಸಿದರೆ ಎರಡು ಲೋಕವೂ ಒಂದೇ ಅಂಗಳಕ್ಕೆ ಬರುತ್ತವೆ.

ತಪ್ಪು ಕಲ್ಪನೆ 2: ಇಂಥ ಪಾರ್ಟಿ ಮಾಡಬೇಕೆಂದರೆ ಬೆಂಗಳೂರಿನಿಂದ ಡೆಕೋರೇಷನ್‌ನವರು ಬರಬೇಕು, ಕೈತುಂಬ ಹಣ ಬೇಕು.

ವಾಸ್ತವ: ಹಿಂಬದಿಯ ದೊಡ್ಡ ಪರದೆ ಬೇಕಾಗಿರುವುದು ಫೋಟೋಗೆ. ಮಗುವಿಗೆ ಬೇಕಾಗಿರುವುದು ಓಡಾಟ, ಆಟ, ಗೆಳೆಯರು, ತಿಂಡಿ. ಹಳೆಯ ಪಂಚೆ, ಟವಲು, ಅಂಗಡಿಯಲ್ಲಿ ಸಿಗುವ ರಟ್ಟಿನ ಪೆಟ್ಟಿಗೆ, ಬಣ್ಣದ ಕಾಗದ ಇದ್ದರೆ ಅರ್ಧ ಕೆಲಸ ಮುಗಿಯಿತು. ರೇಷ್ಮೆ ಸಾಕುವ ಮನೆಯಲ್ಲಿ ಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆ ಇದ್ದರೆ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ ಗೋಡೆಗೆ ಆನಿಸಿ. ಸುರುಳಿ ಸುರುಳಿಯಾದ ಆ ಬಿದಿರಿನ ಹೆಣಿಗೆಗಿಂತ ಒಳ್ಳೆಯ ಜೇಡರ ಬಲೆ ಯಾವ ಅಂಗಡಿಯಲ್ಲೂ ಸಿಗದು. ಜೊತೆಗೊಂದು ಗೂಡನ್ನು ಮಕ್ಕಳ ಕೈಗೆ ಕೊಟ್ಟು, ಹುಳು ತನ್ನ ಬಾಯಿಂದ ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ಸುತ್ತಿ ಇದನ್ನು ಕಟ್ಟಿತು ಎಂದು ಹೇಳಿ. ಸ್ಪೈಡರ್‌ಮ್ಯಾನ್‌ನ ಬಲೆ ಕಲ್ಪನೆ, ಇದು ಕಣ್ಣೆದುರಿನ ಸತ್ಯ. ಆಟಗಳಿಗೂ ಖರ್ಚಿಲ್ಲ. ಹಗ್ಗದ ಬಲೆಯನ್ನು ಮುಟ್ಟದೆ ನುಸುಳುವುದು, ಚೊಂಬಿನ ನೀರು ಚೆಲ್ಲದೆ ಒಯ್ದು ದೂರದ ಬಕೆಟ್ ತುಂಬಿಸುವುದು, ಕಣ್ಣಿಗೆ ಬಟ್ಟೆ ಕಟ್ಟಿದ ಗೆಳೆಯನನ್ನು ಬರೀ ಮಾತಿನಿಂದ ದಾರಿ ತೋರಿಸಿ ಕರೆತರುವುದು. ಮೂರೂ ಕಾಪಾಡುವ ಆಟಗಳೇ. ಚಿಕ್ಕ ಮಕ್ಕಳಿಗೆ ಎರಡು ಗಂಟೆ ಸಾಕು. ಅದಕ್ಕಿಂತ ಎಳೆದರೆ ಆಟ ಅಳುವಿನಲ್ಲಿ ಮುಗಿಯುತ್ತದೆ.

ತಪ್ಪು ಕಲ್ಪನೆ 3: ಮುಖವಾಡ, ಮೈಗಂಟಿದ ಉಡುಪು, ಉದ್ದನೆಯ ಹೆಗಲುವಸ್ತ್ರ ಎಲ್ಲವೂ ಇದ್ದರೇನೇ ಮಗು ಸೂಪರ್‌ಹೀರೋ ಆಗುವುದು.

ವಾಸ್ತವ: ಸಿನಿಮಾದ ಉಡುಪು ಕ್ಯಾಮೆರಾಕ್ಕೆ, ಅಂಗಳದ ಉಡುಪು ಓಡುವುದಕ್ಕೆ. ಅಗ್ಗದ ಉಡುಪುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಅದು ಬೆವರು ಹೀರುವುದಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅದನ್ನು ತೊಟ್ಟು ಓಡಿದ ಮಗು ಬೇಗ ಬಳಲುತ್ತದೆ. ಬೆಂಕಿ ತಗುಲಿದರೆ ಈ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪೂರ್ತಿ ಮುಖವಾಡ ಅಕ್ಕಪಕ್ಕದ ನೋಟವನ್ನು ಮುಚ್ಚುತ್ತದೆ. ಮೆಟ್ಟಿಲೂ ಕಾಣದು, ಎದುರು ಬರುವ ಬೈಕೂ ಕಾಣದು. ಎಲ್ಲಕ್ಕಿಂತ ಅಪಾಯ ಕುತ್ತಿಗೆಗೆ ಗಂಟು ಹಾಕಿದ ವಸ್ತ್ರ. ಜೋಕಾಲಿ, ಗೇಟು, ಜಾರುಬಂಡೆ, ಯಾವುದಕ್ಕಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಇದಕ್ಕೆ ಪರಿಹಾರ ಸುಲಭ. ಹತ್ತಿ ಅಂಗಿಯ ಎದೆಗೆ ಗುರುತು ಅಂಟಿಸಿ. ಹೆಗಲುವಸ್ತ್ರ ಸೊಂಟಕ್ಕಿಂತ ಕೆಳಗೆ ಇಳಿಯದಿರಲಿ. ಅದನ್ನು ಕುತ್ತಿಗೆಗೆ ಕಟ್ಟಬೇಡಿ, ಎಳೆದರೆ ತಾನೇ ಬಿಟ್ಟುಕೊಳ್ಳುವ ವೆಲ್ಕ್ರೋದಿಂದ ಭುಜಕ್ಕೆ ಅಂಟಿಸಿ. ಮುಖವಾಡದ ಬದಲು ಕಣ್ಣಿನ ಸುತ್ತ ಕಾಗದದ ಪಟ್ಟಿ ಸಾಕು. ಅದನ್ನೂ ಓಡುವ ಆಟಕ್ಕೆ ಮೊದಲು ತೆಗೆಸಿ.

ತಪ್ಪು ಕಲ್ಪನೆ 4: ಹುಟ್ಟಿದ ದಿನ ಮಗುವಿಗೆ ಕಪ್ಪು ಬಟ್ಟೆ ತೊಡಿಸಬಾರದು. ಆದ್ದರಿಂದ ಬ್ಯಾಟ್‌ಮ್ಯಾನ್ ಉಡುಪು ಅಶುಭ.

ವಾಸ್ತವ: ಈ ಮಾತು ಹೇಳುವ ಹಿರಿಯರು ಮಗುವಿನ ಒಳಿತನ್ನೇ ಬಯಸುವವರು. ಹಾಗಾಗಿ ಅದನ್ನು ತಳ್ಳಿಹಾಕದೆ ಉತ್ತರಿಸಬೇಕು. ಅದೇ ಹಿರಿಯರು ಎಳೆಗೂಸಿನ ಕೈಗೆ ಕಪ್ಪು ಬಳೆ ತೊಡಿಸುತ್ತಾರೆ, ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಾರೆ, ಸೊಂಟಕ್ಕೆ ಕಪ್ಪು ದಾರ ಕಟ್ಟುತ್ತಾರೆ. ನಮ್ಮ ಸಂಪ್ರದಾಯದಲ್ಲೇ ಕಪ್ಪು ಕೇಡಿನ ಬಣ್ಣವೂ ಹೌದು, ಕಾಯುವ ಬಣ್ಣವೂ ಹೌದು. ಬಣ್ಣಕ್ಕೆ ತನ್ನದೇ ಆದ ಶುಭಾಶುಭ ಇದ್ದಿದ್ದರೆ ಹೀಗೆ ಎರಡೂ ಆಗುತ್ತಿರಲಿಲ್ಲ. ಕಪ್ಪಿನ ವಿರುದ್ಧ ಹೇಳಬಹುದಾದ ನಿಜವಾದ ಮಾತು ಎರಡೇ: ಅದು ಬಿಸಿಲನ್ನು ಹೆಚ್ಚು ಹೀರುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ಬೀದಿದೀಪ ಸರಿಯಿಲ್ಲದ ಕಡೆ ಸಂಜೆ ಕಪ್ಪು ಉಡುಪಿನ ಮಗು ರಸ್ತೆಗೆ ಓಡಿದರೆ ವಾಹನದವರಿಗೆ ಕಾಣದು. ಆ ಉಡುಪಿಗೊಂದು ಹಳದಿ ಪಟ್ಟಿ ಹೊಲಿಯಿರಿ. ಮನೆಯ ಅಜ್ಜಿಗೆ ಬೇಸರವಾಗುವುದಾದರೆ ಬೆಳಗ್ಗೆ ದೇವರ ಮುಂದೆ ಹೊಸ ಬಟ್ಟೆ, ಸಂಜೆ ಆಟಕ್ಕೆ ಬ್ಯಾಟ್‌ಮ್ಯಾನ್ ಎಂದು ಹಂಚಿಕೊಂಡರೆ ಯಾರ ಮನಸ್ಸೂ ನೋಯುವುದಿಲ್ಲ.

ತಪ್ಪು ಕಲ್ಪನೆ 5: ಇದೆಲ್ಲ ಬರೀ ಆಟ ಎಂದು ಮಕ್ಕಳಿಗೆ ಗೊತ್ತು. ಯಾರೂ ನಿಜವಾಗಿ ಹಾರಲು ಹೋಗುವುದಿಲ್ಲ.

ವಾಸ್ತವ: ಕೇಳಿದರೆ ಗೊತ್ತು ಎನ್ನುತ್ತಾರೆ. ಆಟದ ಬಿಸಿಯಲ್ಲಿ ಆ ಗೊತ್ತು ಕೈಕೊಡುತ್ತದೆ. 2007ರಲ್ಲಿ ಬ್ರಿಟನ್ನಿನ ವೈದ್ಯರು ಒಂದು ವರದಿ ಪ್ರಕಟಿಸಿದರು. ಸೂಪರ್‌ಹೀರೋ ಉಡುಪು ತೊಟ್ಟು ಗಾಯಗೊಂಡು ಬಂದಿದ್ದ 3ರಿಂದ 8 ವರ್ಷದ 5 ಮಕ್ಕಳ ವಿವರ ಅದರಲ್ಲಿತ್ತು. 2020ರಲ್ಲಿ ಬೊಲಿವಿಯಾದಲ್ಲಿ ಮೂವರು ಅಣ್ಣತಮ್ಮಂದಿರು ಸ್ಪೈಡರ್‌ಮ್ಯಾನ್ ಆಗುವ ಆಸೆಯಿಂದ ವಿಷದ ಜೇಡದಿಂದ ಬೇಕೆಂದೇ ಕಚ್ಚಿಸಿಕೊಂಡು ಆಸ್ಪತ್ರೆ ಸೇರಿದರು. ಅದೃಷ್ಟವಶಾತ್ ಗುಣವಾದರು. ನಮ್ಮ ದೇಶದಲ್ಲೇ, ಮಕ್ಕಳು ಶಕ್ತಿಮಾನ್‌ನನ್ನು ಅನುಕರಿಸಿ ಅಪಾಯಕ್ಕೆ ಸಿಲುಕಿದ ಸುದ್ದಿಗಳು ಬಂದಾಗ ಆ ಪಾತ್ರಧಾರಿ ಮುಖೇಶ್ ಖನ್ನಾ ತೆರೆಯ ಮೇಲೇ ಬಂದು ಹೀಗೆ ಮಾಡಬೇಡಿ ಎಂದು ತಿಳಿಹೇಳಬೇಕಾಯಿತು. ನಮ್ಮ ಮನೆಗಳಲ್ಲಿ ಅಪಾಯದ ಜಾಗಗಳು ಯಾವುವು ಎಂದು ನಮಗೇ ಗೊತ್ತು: ಸುತ್ತುಗೋಡೆಯಿಲ್ಲದ ತಾರಸಿ, ಮುಚ್ಚಳ ಸರಿಯಿಲ್ಲದ ಸಂಪು, ಹಿತ್ತಲಿನ ಕೃಷಿ ಹೊಂಡ, ಚೇಳು ಸೇರಿಕೊಳ್ಳುವ ಕಲ್ಲುಗುಡ್ಡೆ. ಅತಿಥಿಗಳು ಬರುವ ಮೊದಲೇ ತಾರಸಿ ಬಾಗಿಲಿಗೆ ಬೀಗ ಹಾಕಿ. ಸಂಪಿನ ಮುಚ್ಚಳದ ಮೇಲೆ ಭಾರ ಇಡಿ. ಮಕ್ಕಳನ್ನು ನೋಡಿಕೊಳ್ಳುವುದೇ ಕೆಲಸವಾಗಿರುವ, ಫೋಟೋ ತೆಗೆಯದ, ಬಡಿಸದ ಇಬ್ಬರು ದೊಡ್ಡವರನ್ನು ಗೊತ್ತುಮಾಡಿ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ತಪ್ಪು ಕಲ್ಪನೆ 6: ಸೂಪರ್‌ಹೀರೋ ಆಟ ಮಕ್ಕಳನ್ನು ಜಗಳಗಂಟರನ್ನಾಗಿ ಮಾಡುತ್ತದೆ. ಅಥವಾ ತಾನಾಗಿಯೇ ಧೈರ್ಯವಂತರನ್ನಾಗಿ ಮಾಡುತ್ತದೆ.

ವಾಸ್ತವ: ಎರಡೂ ಅರ್ಧ ಸತ್ಯ. 2017ರಲ್ಲಿ ಅಮೆರಿಕದಲ್ಲಿ 240 ಪುಟ್ಟ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು, ಸೂಪರ್‌ಹೀರೋಗಳಲ್ಲಿ ಹೆಚ್ಚು ಮುಳುಗಿದ್ದ ಮಕ್ಕಳಲ್ಲಿ ವರ್ಷದ ನಂತರ ಹೊಡೆದಾಟದ ಸ್ವಭಾವ ಹೆಚ್ಚಿದ್ದನ್ನು ಕಂಡಿತು. ಪೆಟ್ಟು ತಿನ್ನುವ ಗೆಳೆಯನ ಪರ ನಿಲ್ಲುವ ಗುಣ ಮಾತ್ರ ಹೆಚ್ಚಿರಲಿಲ್ಲ. ಹೊಡೆತ ಕಣ್ಣಿಗೆ ಬೀಳುತ್ತದೆ, ಅದರ ಹಿಂದಿನ ಕಾರಣ ಪುಟ್ಟ ಮಗುವಿಗೆ ತಾನಾಗಿ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 4 ಮತ್ತು 6 ವರ್ಷದ 180 ಮಕ್ಕಳಿಗೆ ಬೇಸರದ ಕೆಲಸವೊಂದನ್ನು ಕೊಟ್ಟರು. ತಮ್ಮನ್ನು ಬ್ಯಾಟ್‌ಮ್ಯಾನ್‌ನಂಥ ಪಾತ್ರವೆಂದು ಭಾವಿಸಿಕೊಂಡ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಪಟ್ಟುಹಿಡಿದು ಕೆಲಸ ಮಾಡಿದರು. ಎರಡನ್ನೂ ಸೇರಿಸಿ ಓದಿದರೆ ದಾರಿ ಸ್ಪಷ್ಟ. ಪಾತ್ರದ ಶಕ್ತಿ ನಿಜ, ಅದು ಯಾವ ಕಡೆ ಹರಿಯಬೇಕೆಂದು ತೋರಿಸುವವರು ನಾವು. ಆದ್ದರಿಂದ ಪಾರ್ಟಿಯಲ್ಲಿ ಯಾವ ಮಗುವನ್ನೂ ಕೆಟ್ಟವನನ್ನಾಗಿ ನಿಲ್ಲಿಸಬೇಡಿ. ಬಿರುಗಾಳಿ, ಕಾಡ್ಗಿಚ್ಚು, ಕಳೆದುಹೋದ ಕರು, ಇವು ಎದುರಾಳಿಗಳಾಗಲಿ. ಆಗ ಹೊಡೆಯುವುದಕ್ಕೆ ಯಾರೂ ಇರುವುದಿಲ್ಲ, ಉಳಿಸುವುದಕ್ಕೆ ಬೇಕಾದಷ್ಟಿರುತ್ತದೆ.

ತಪ್ಪು ಕಲ್ಪನೆ 7: ಇದು ಗಂಡುಮಕ್ಕಳ ಪಾರ್ಟಿ. ಹೆಣ್ಣುಮಕ್ಕಳಿಗೆ ರಾಜಕುಮಾರಿ, ಚಿಟ್ಟೆ, ಗುಲಾಬಿ ಬಣ್ಣ ಸಾಕು.

ವಾಸ್ತವ: ವಂಡರ್ ವುಮನ್ ಹುಟ್ಟಿದ್ದು 1941ರಲ್ಲಿ. ಅದಕ್ಕೂ ಶತಮಾನ ಮೊದಲೇ, 1824ರಲ್ಲಿ, ಕಿತ್ತೂರು ಚೆನ್ನಮ್ಮ ಬ್ರಿಟಿಷರ ಸೇನೆಯನ್ನು ಎದುರಿಸಿದ್ದಳು. ಚಿತ್ರದುರ್ಗದ ಓಬವ್ವ ಒನಕೆ ಹಿಡಿದು ಕೋಟೆಯ ಕಿಂಡಿ ಕಾಯ್ದಳು. ಅಷ್ಟು ದೂರ ಹೋಗುವುದೂ ಬೇಡ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ, ಹುಲಿಕಲ್–ಕುದೂರು ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟು, ದೂರದಿಂದ ನೀರು ಹೊತ್ತು ತಂದು ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೆ ರೆಕ್ಕೆಯೂ ಇರಲಿಲ್ಲ, ಮುಖವಾಡವೂ ಇರಲಿಲ್ಲ. ಆ ಮರಗಳ ನೆರಳಲ್ಲಿ ಇಂದಿಗೂ ಜನ ಓಡಾಡುತ್ತಾರೆ. ಹೆಣ್ಣುಮಗಳನ್ನು ಕಾಪಾಡಿಸಿಕೊಳ್ಳುವವಳ ಜಾಗದಲ್ಲಿ ಕೂರಿಸಿ ಗಂಡುಮಗನಿಗೆ ಮಾತ್ರ ಕಾಪಾಡುವ ಪಾತ್ರ ಕೊಟ್ಟರೆ ಇಬ್ಬರಿಗೂ ತಪ್ಪು ಪಾಠ ಹೇಳಿದಂತೆ. ಪಾತ್ರಗಳ ಚೀಟಿ ಮಾಡಿ ಡಬ್ಬಿಗೆ ಹಾಕಿ. ಯಾರ ಕೈಗೆ ಯಾವುದು ಬರುತ್ತದೋ ಅದೇ ಅವರ ಪಾತ್ರ. ಅದರಲ್ಲಿ ತಿಮ್ಮಕ್ಕನ ಹೆಸರೂ ಇರಲಿ.

ತಪ್ಪು ಕಲ್ಪನೆ 8: ಬಲೂನಿನೊಳಗೆ ಇರುವುದು ಬರೀ ಗಾಳಿ. ನೊರೆ ಸ್ಪ್ರೇ ಸೋಪಿನ ನೊರೆಯಂತೆ. ಅವುಗಳಿಂದ ಏನಾಗುತ್ತದೆ?

ವಾಸ್ತವ: ಮೇಲೇರುವ ಬಲೂನಿನಲ್ಲಿ ಇರುವುದು ಗಾಳಿಯಲ್ಲ. ಹೀಲಿಯಂ ಉರಿಯುವುದಿಲ್ಲ, ಆದರೆ ದುಬಾರಿ. ಹಾಗಾಗಿ ಜಾತ್ರೆಗಳಲ್ಲೂ ಪಾರ್ಟಿಗಳಲ್ಲೂ ಅಗ್ಗದ ಜಲಜನಕ ತುಂಬಿದ ಬಲೂನುಗಳು ಬರುತ್ತವೆ. ಒಂದು ಕಿಡಿ ಸಾಕು, ಜಲಜನಕ ಭಗ್ಗನೆ ಹೊತ್ತಿಕೊಳ್ಳುತ್ತದೆ. 2012ರಲ್ಲಿ ಅರ್ಮೇನಿಯಾದ ಯೆರೆವಾನ್ ನಗರದ ಸಭೆಯೊಂದರಲ್ಲಿ ಇಂಥ ಬಲೂನುಗಳ ಗೊಂಚಲು ಹೊತ್ತಿಕೊಂಡು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕೇಕಿನ ಮೇಲಿನ ಮೇಣದಬತ್ತಿ, ತಲೆಯ ಮೇಲೆ ಗ್ಯಾಸ್ ಬಲೂನು, ಸುತ್ತ ಮಕ್ಕಳು: ಈ ಮೂರು ಒಂದೇ ಕಡೆ ಸೇರಬಾರದು. ನೊರೆ ಸ್ಪ್ರೇ ಡಬ್ಬಿಗಳಲ್ಲೂ ಒತ್ತಡಕ್ಕಾಗಿ ಬ್ಯೂಟೇನ್, ಪ್ರೋಪೇನ್‌ನಂಥ ಅನಿಲ ತುಂಬಿರುವುದುಂಟು. ಅವು ನಮ್ಮ ಅಡುಗೆ ಸಿಲಿಂಡರಿನಲ್ಲಿ ಇರುವ ಅನಿಲಗಳೇ. ಉರಿಯುವ ಬತ್ತಿಯತ್ತ ಅದನ್ನು ಸಿಂಪಡಿಸಿದರೆ ಜ್ವಾಲೆ ಮಗುವಿನ ಮುಖಕ್ಕೆ ಚಿಮ್ಮುತ್ತದೆ. ಇನ್ನು ಬಾಯಿಂದ ಊದಿದ ಮಾಮೂಲಿ ಬಲೂನು ಬೆಂಕಿ ಹಚ್ಚುವುದಿಲ್ಲ, ನಿಜ. ಆದರೆ ಒಡೆದ ಬಲೂನಿನ ಚೂರು ಪುಟ್ಟ ಮಗುವಿನ ಗಂಟಲಿಗೆ ಹೋದರೆ ಅಂಟಿಕೊಂಡು ಉಸಿರು ಕಟ್ಟಿಸುತ್ತದೆ. 8 ವರ್ಷದೊಳಗಿನ ಮಕ್ಕಳಿಗೆ ಈ ಅಪಾಯದ ಎಚ್ಚರಿಕೆಯನ್ನು ಹಲವು ದೇಶಗಳಲ್ಲಿ ಬಲೂನು ಪೊಟ್ಟಣದ ಮೇಲೆಯೇ ಮುದ್ರಿಸುತ್ತಾರೆ. ಬಲೂನು ಎತ್ತರದಲ್ಲಿ ಕಟ್ಟಿ, ಒಡೆದ ಚೂರನ್ನು ಕೂಡಲೇ ಆರಿಸಿ. ಸ್ಪ್ರೇ ತರಲೇಬೇಡಿ.

ತಪ್ಪು ಕಲ್ಪನೆ 9: ಬಣ್ಣ ಗಾಢವಾಗಿದ್ದಷ್ಟೂ ಕೇಕು ಚೆನ್ನ. ಬೇಕರಿಯವರು ಹಾಕುವುದು ತಿನ್ನುವ ಬಣ್ಣವೇ ಆದ್ದರಿಂದ ಚಿಂತೆಯಿಲ್ಲ.

ವಾಸ್ತವ: ತಿನ್ನುವ ಬಣ್ಣಕ್ಕೂ ಮಿತಿ ಇದೆ. ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಬೆರಳೆಣಿಕೆಯವು. ಅವನ್ನೂ ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮೀರದಂತೆ ಬಳಸಬೇಕು. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕು ಮಾದರಿಗಳ ಫಲಿತಾಂಶ ತಿಳಿಸಿತು. 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. 223 ಸುರಕ್ಷಿತವಾಗಿದ್ದವು. ಎರಡು ಸಂಖ್ಯೆಯನ್ನೂ ನೆನಪಿಡಬೇಕು. ಕೇಕೆಲ್ಲ ವಿಷ ಎಂಬ ಗಾಬರಿಯೂ ಬೇಡ, ಬಣ್ಣವೆಲ್ಲ ಸರಿ ಎಂಬ ನಿಶ್ಚಿಂತೆಯೂ ಬೇಡ. ಸೂಪರ್‌ಹೀರೋ ಕೇಕಿನಲ್ಲಿ ಕಡುಗೆಂಪು, ಕಡುನೀಲಿ, ಕಪ್ಪು ಕ್ರೀಮು ದಪ್ಪಗೆ ಬರುವುದರಿಂದ ಎಚ್ಚರ ಇಲ್ಲೇ ಹೆಚ್ಚು ಬೇಕು. ಬಿಳಿ ಅಥವಾ ಚಾಕೊಲೇಟ್ ಕೇಕು ಹೇಳಿ, ಮೇಲೆ ರಟ್ಟಿನಲ್ಲಿ ಕತ್ತರಿಸಿದ ಗುರುತು ನಿಲ್ಲಿಸಿ. ಬಾಯಿಂದ ಹೊಗೆ ಬರಿಸುವ ತಿನಿಸಂತೂ ಮಕ್ಕಳ ಹತ್ತಿರವೂ ಬೇಡ. ಅದಕ್ಕೆ ಬಳಸುವ ದ್ರವ ಸಾರಜನಕ ಸುಮಾರು ಮೈನಸ್ 196 ಡಿಗ್ರಿಯಷ್ಟು ತಣ್ಣಗಿರುತ್ತದೆ. ಆವಿಯಾಗದೆ ಉಳಿದದ್ದು ಬಾಯಿಗೆ ಹೋದರೆ ಒಳಗೆಲ್ಲ ಸುಟ್ಟ ಗಾಯವಾಗುತ್ತದೆ.

ತಪ್ಪು ಕಲ್ಪನೆ 10: ಸಿಹಿ ತಿಂದ ಕೂಡಲೇ ಮಕ್ಕಳಿಗೆ ಹುಚ್ಚು ಹಿಡಿದಂತಾಗುತ್ತದೆ. ಪಾರ್ಟಿಯ ಗದ್ದಲಕ್ಕೆಲ್ಲ ಸಕ್ಕರೆಯೇ ಕಾರಣ.

ವಾಸ್ತವ: ಇದನ್ನು ನಂಬದ ಮನೆಯಿಲ್ಲ. ಆದರೆ ಪರೀಕ್ಷೆಗೆ ಇಟ್ಟಾಗ ನಿಲ್ಲಲಿಲ್ಲ. 1995ರಲ್ಲಿ ಅಮೆರಿಕದ ಸಂಶೋಧಕರು 23 ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದರು. ಸಕ್ಕರೆಗೂ ಮಕ್ಕಳ ವರ್ತನೆಗೂ ಸಂಬಂಧ ಕಾಣಲಿಲ್ಲ. 1994ರ ಇನ್ನೊಂದು ಪ್ರಯೋಗದಲ್ಲಿ ಮಕ್ಕಳಿಗೆ ಸಕ್ಕರೆಯಿಲ್ಲದ ಪಾನೀಯ ಕೊಟ್ಟು, ಕೆಲವು ತಾಯಂದಿರಿಗೆ ಮಾತ್ರ ಸಕ್ಕರೆ ಕೊಟ್ಟಿದ್ದೇವೆ ಎಂದು ಹೇಳಿದರು. ಆ ತಾಯಂದಿರ ಕಣ್ಣಿಗೆ ತಮ್ಮ ಮಕ್ಕಳೇ ಹೆಚ್ಚು ಚೇಷ್ಟೆ ಮಾಡಿದಂತೆ ಕಂಡಿತು. ಮಕ್ಕಳು ಕುಣಿಯುವುದು ಗೆಳೆಯರು ಸೇರಿದ್ದರಿಂದ, ಹಾಡಿನ ಸದ್ದಿನಿಂದ, ಮಧ್ಯಾಹ್ನದ ನಿದ್ದೆ ತಪ್ಪಿದ್ದರಿಂದ. ಹಾಗೆಂದು ಸಿಹಿ ಸುರಿಯಬೇಕಿಲ್ಲ. ಹಲ್ಲಿಗೂ ತೂಕಕ್ಕೂ ಅದು ಒಳ್ಳೆಯದಲ್ಲ. ಬಾಟಲಿ ಪಾನೀಯದ ಬದಲು ಪಾನಕ, ಮಜ್ಜಿಗೆ, ಎಳನೀರು ಇಡಿ. ಚಿತ್ರಾನ್ನ, ಕೋಸಂಬರಿ, ಖಾರ ಹಾಕದ ಕಡ್ಲೆಪುರಿ ಮಾಡಿ. ಮಾವಿನ ಕಾಲವಾದರೆ ನಮ್ಮ ಜಿಲ್ಲೆಯ ಹಣ್ಣು ಹೆಚ್ಚಿಡಿ. ಹೊಟ್ಟೆ ತುಂಬಿದ ಮೇಲೆ ಕೇಕು ಕತ್ತರಿಸಿದರೆ ಒಂದು ತುಂಡಿನಲ್ಲೇ ಮಗು ತೃಪ್ತಿಪಡುತ್ತದೆ.

ತಪ್ಪು ಕಲ್ಪನೆ 11: ಹುಟ್ಟಿದ ದಿನ ದೀಪ ಆರಿಸಿದರೆ ಮಗುವಿನ ಆಯುಸ್ಸಿಗೆ ಕೇಡು.

ವಾಸ್ತವ: ಮೇಣದಬತ್ತಿಗೂ ಆಯುಸ್ಸಿಗೂ ನಂಟಿಲ್ಲ. ಲೋಕದ ಕೋಟ್ಯಂತರ ಮಕ್ಕಳು ಪ್ರತಿವರ್ಷ ಬತ್ತಿ ಊದಿ ಚೆನ್ನಾಗಿ ಬೆಳೆದಿದ್ದಾರೆ. ಆದರೆ ದೀಪವನ್ನು ಬಾಯಿಂದ ಊದಿ ಆರಿಸಬಾರದು ಎಂಬ ನಮ್ಮ ಹಿರಿಯರ ಶಿಸ್ತಿಗೆ ಬೇರೊಂದು ಸಮರ್ಥನೆ ಸಿಕ್ಕಿದೆ. 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಬತ್ತಿ ಊದಿದ ಮೇಲೆ ಕೇಕಿನ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ ಸರಾಸರಿ ಶೇ 1400ರಷ್ಟು ಹೆಚ್ಚಾಗಿತ್ತು. ಆರೋಗ್ಯವಂತ ಮಗು ಊದಿದರೆ ಅದರಿಂದ ಕಾಯಿಲೆ ಬರುವುದು ಅಪರೂಪ. ನೆಗಡಿ ಕೆಮ್ಮು ಇರುವ ಮಗು ಊದಿದರೆ ಮಾತ್ರ ಯೋಚಿಸಬೇಕು. ಬತ್ತಿಯನ್ನು ಪುಟ್ಟ ಬಟ್ಟಲು ಕೇಕಿನ ಮೇಲಿಟ್ಟು ಊದಿಸಿ, ದೊಡ್ಡ ಕೇಕನ್ನು ಬೇರೆಯಾಗಿ ಹಂಚಬಹುದು. ದೀಪ ಹಚ್ಚಿ, ಆರತಿ ಎತ್ತಿ, ಹಿರಿಯರ ಕಾಲಿಗೆ ನಮಸ್ಕಾರ ಮಾಡಿಸಿ ಕೇಕು ಕತ್ತರಿಸಿದರೂ ಆಯಿತು. ಭಯದಿಂದ ಮಾಡುವುದು ಬೇಡ, ಇಷ್ಟದಿಂದ ಮಾಡಿ. ಕಿಡಿ ಚಿಮ್ಮುವ ಬತ್ತಿಗಳನ್ನು ಮಾತ್ರ ಪೂರ್ತಿ ಬಿಡಿ. ಅವುಗಳ ಕಿಡಿ ಬಟ್ಟೆಗೂ ಕಣ್ಣಿಗೂ ಅಪಾಯ.

ತಪ್ಪು ಕಲ್ಪನೆ 12: ಪಾರ್ಟಿ ಮುಗಿದ ಮೇಲೆ ಮಗುವಿಗೆ ಜ್ವರ, ವಾಂತಿ ಬಂದರೆ ಅದು ದೃಷ್ಟಿ. ಅಷ್ಟು ಜನರ ಕಣ್ಣು ಬಿದ್ದಿದೆ.

ವಾಸ್ತವ: ಮಗು ಹುಷಾರು ತಪ್ಪಿದ್ದು ನಿಜ, ಹಬ್ಬದ ಬೆನ್ನಲ್ಲೇ ತಪ್ಪಿದ್ದೂ ನಿಜ. ಕಾರಣ ಮಾತ್ರ ಬೇರೆ. ಹತ್ತಾರು ಮಕ್ಕಳು ಒಟ್ಟಿಗೆ ಉಸಿರಾಡಿ, ಒಂದೇ ಲೋಟ ಹಂಚಿಕೊಂಡ ಮೇಲೆ ಒಬ್ಬರ ನೆಗಡಿ ಇನ್ನೊಬ್ಬರಿಗೆ ಒಂದರಿಂದ ಮೂರು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಬಿಸಿಲಲ್ಲಿ ಗಂಟೆಗಟ್ಟಲೆ ಇಟ್ಟ ಕ್ರೀಮು ಹಳಸಿದ್ದರೆ ವಾಂತಿ ಅದೇ ರಾತ್ರಿ ಶುರುವಾಗುತ್ತದೆ. ಬೆವರಿ ನೀರು ಕುಡಿಯದ ಮಗು ತಲೆನೋವು, ಸುಸ್ತು ಎನ್ನುತ್ತದೆ. ಇವೆಲ್ಲ ಯಾರ ಹೊಟ್ಟೆಕಿಚ್ಚಿನಿಂದಲೂ ಬಂದದ್ದಲ್ಲ. ದೃಷ್ಟಿ ಎಂದುಕೊಂಡಾಗ ಎರಡು ನಷ್ಟವಿದೆ. ಒಂದು, ಪ್ರೀತಿಯಿಂದ ಬಂದ ನೆರೆಯವರ ಮೇಲೆ ಸುಮ್ಮನೆ ಅನುಮಾನ ಹುಟ್ಟುತ್ತದೆ. ಎರಡು, ವೈದ್ಯರ ಬಳಿ ಹೋಗಲು ತಡವಾಗುತ್ತದೆ. ಅಜ್ಜಿ ಉಪ್ಪು ನಿವಾಳಿಸಿದರೆ ಅಡ್ಡಿಯಿಲ್ಲ, ಅದರಲ್ಲಿ ಅವರ ಕಾಳಜಿ ಇದೆ. ಒಣಮೆಣಸಿನಕಾಯಿ ಸುಟ್ಟ ಘಾಟು ಮಾತ್ರ ಉಬ್ಬಸದ ಮಗುವಿಗೆ ಒಳ್ಳೆಯದಲ್ಲ. ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ತಪ್ಪು ಕಲ್ಪನೆ 13: ವರ್ಷಕ್ಕೊಂದು ದಿನ. ಸೌಂಡು, ಫ್ಲೆಕ್ಸು, ಥರ್ಮಾಕೋಲ್ ಬಗ್ಗೆ ನಮ್ಮ ಹಳ್ಳಿಯಲ್ಲಿ ಕೇಳುವವರು ಯಾರು?

ವಾಸ್ತವ: ಕಾನೂನು ಹಳ್ಳಿಗೂ ಒಂದೇ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಲೋಟ ಚಮಚ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಫ್ಲೆಕ್ಸ್ ಮತ್ತು ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿತ್ತು. ಕಾನೂನಿಗಿಂತ ಹತ್ತಿರದ ಕಾರಣವೂ ಇದೆ. ನಮ್ಮ ಕಡೆ ಪಕ್ಕದ ಮನೆಯಲ್ಲೇ ಹುಳು ಮನೆ ಇರಬಹುದು. ರೇಷ್ಮೆ ಹುಳು ಹೊಗೆಯನ್ನೂ ಕೀಟನಾಶಕವನ್ನೂ ಘಾಟು ವಾಸನೆಯನ್ನೂ ತಾಳುವುದಿಲ್ಲ. ಪಾರ್ಟಿಯ ಹೊಗೆ ಬಾಂಬು, ಪಟಾಕಿ, ಸೊಳ್ಳೆ ಸ್ಪ್ರೇ ಆ ಕಡೆ ಹೋದರೆ ನೆರೆಯವರ ಒಂದು ಬೆಳೆಯೇ ಹಾಳಾಗಬಹುದು. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಿವೆಯೇ, ಗೂಡು ಕಟ್ಟಲು ಹಣ್ಣಾಗಿವೆಯೇ ಎಂದು ಮೊದಲೇ ಕೇಳಿ ದಿನ ಗೊತ್ತುಮಾಡಿ. ಮಾವಿನೆಲೆ ತೋರಣ, ಬಣ್ಣದ ಕಾಗದ, ಬಾಳೆಲೆ, ಅಡಕೆ ಹಾಳೆ ತಟ್ಟೆ ಇದ್ದರೆ ಮರುದಿನ ಗುಡಿಸಿದ್ದೆಲ್ಲ ತಿಪ್ಪೆಗೆ ಸೇರಿ ಗೊಬ್ಬರವಾಗುತ್ತದೆ.

ತಪ್ಪು ಕಲ್ಪನೆ 14: ರಿಟರ್ನ್ ಗಿಫ್ಟ್ ಎಂದರೆ ಹೀರೋ ಚಿತ್ರವಿರುವ ಪ್ಲಾಸ್ಟಿಕ್ ಗೊಂಬೆ. ಚನ್ನಪಟ್ಟಣದ ಮರದ ಆಟಿಕೆ ಹಳೇ ಕಾಲದ್ದು, ಈಗಿನ ಮಕ್ಕಳು ಮುಟ್ಟುವುದಿಲ್ಲ.

ವಾಸ್ತವ: ಕೈಯಲ್ಲಿ ತಿರುಗುವ ಬುಗುರಿಯನ್ನು ಮುಟ್ಟದ ಮಗುವಿಲ್ಲ. ಸಂತೆಯ ಅಗ್ಗದ ಪ್ಲಾಸ್ಟಿಕ್ ಗೊಂಬೆ ಬೇಗ ಮುರಿದು, ಮೊನಚಾದ ಚೂರಾಗುತ್ತದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ ಪ್ಲಾಸ್ಟಿಕ್ ಆಟಿಕೆ ಕೊಳ್ಳಬೇಡಿ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಚನ್ನಪಟ್ಟಣದ ಆಟಿಕೆ ಆಲೆಮರದ್ದು. ತಿರುಗುವ ಮರಕ್ಕೆ ಬಣ್ಣದ ಅರಗು ಹಿಡಿದು, ಬಿಸಿಗೆ ಅದು ಕರಗಿ ಹರಡಿದ ಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಇಲ್ಲೊಂದು ತಪ್ಪು ನಂಬಿಕೆ ನಮ್ಮ ಕಡೆಯೂ ಇದೆ. ಚನ್ನಪಟ್ಟಣ ಎಂದು ಮಾರುವುದೆಲ್ಲ ಅರಗಿನದ್ದು, ಸಸ್ಯದ ಬಣ್ಣದ್ದು ಎಂಬುದು; ಅದು ಹಾಗಲ್ಲ. ಕೇಳಿ, ನೋಡಿ ಕೊಳ್ಳಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಬಾಯಿಗೆ ಹೋಗುವಷ್ಟು ಚಿಕ್ಕ ಬಿಡಿಭಾಗ ಇರಬಾರದು. ಬುಗುರಿಯ ಜೊತೆಗೊಂದು ಹೊಂಗೆ ಅಥವಾ ನೇರಳೆ ಸಸಿ ಕೊಟ್ಟು ಇದನ್ನು ಕಾಯುವುದು ನಿನ್ನ ಕೆಲಸ ಎಂದು ಹೇಳಿದರೆ ಮಗು ನಾಳೆಯಿಂದಲೇ ತಿಮ್ಮಕ್ಕನ ಕೆಲಸಕ್ಕೆ ಇಳಿಯುತ್ತದೆ.

ಇಷ್ಟು ಓದಿದ ಮೇಲೆ ಪಾರ್ಟಿಯೇ ಬೇಡ ಎನಿಸಬಾರದು. ಬಿಡಬೇಕಾದದ್ದು ಕೆಲವೇ: ಗ್ಯಾಸ್ ಬಲೂನು, ಸ್ಪ್ರೇ, ಕಿಡಿ ಬತ್ತಿ, ಹೊಗೆ ತಿನಿಸು, ಕುತ್ತಿಗೆಗೆ ಕಟ್ಟುವ ವಸ್ತ್ರ. ಮಾಡಬೇಕಾದದ್ದು ಅದಕ್ಕಿಂತ ಹೆಚ್ಚು, ಎಲ್ಲವೂ ಕೈಗೆಟುಕುವಂಥದ್ದು. ಪ್ರತಿಯೊಂದನ್ನು ಗೊತ್ತುಮಾಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳೋಣ. ಇದು ಮಗುವಿನ ಆಟಕ್ಕೋ, ನೋಡುವವರ ಕಣ್ಣಿಗೋ? ಆಟಕ್ಕೆ ಎಂದಾದರೆ ಇಟ್ಟುಕೊಳ್ಳೋಣ, ಕಣ್ಣಿಗೆ ಎಂದಾದರೆ ಬಿಡೋಣ. ಇನ್ನೊಬ್ಬರನ್ನು ಕಾಪಾಡುವವನೇ ವೀರ ಎಂದು ಮಕ್ಕಳಿಗೆ ಹೇಳುವ ಹಬ್ಬದಲ್ಲಿ, ಬಂದ ಮಕ್ಕಳನ್ನೆಲ್ಲ ಗಾಯವಿಲ್ಲದೆ, ಹೊಟ್ಟೆ ತುಂಬಿಸಿ, ನಗುನಗುತ್ತ ಮನೆ ಮುಟ್ಟಿಸುವುದು ದೊಡ್ಡವರಾದ ನಮ್ಮ ಪಾಲಿನ ಕೆಲಸ.